ನುಂಗಿದ ಕಫ ಎಲ್ಲಿಗೆ ಹೋಗುತ್ತದೆ?

ಚಳಿಗಾಲ ಬಂತೆಂದರೆ ಮೇಚೇರಿ ಸುತ್ತಿನ ಮನೆಗಳಲ್ಲಿ ನೆಗಡಿ, ಕೆಮ್ಮು ತಪ್ಪಿದ್ದಲ್ಲ. "ಮಗುವಿಗೆ ಕಫ ಉಗುಳಲು ಬರುವುದಿಲ್ಲ, ನುಂಗಿಬಿಡುತ್ತದೆ. ಅದು ಎದೆಯಲ್ಲೇ ಕಟ್ಟಿಕೊಳ್ಳುವುದಿಲ್ಲವೇ?" ಎಂದು ತಾಯಂದಿರು ಕೇಳುವುದುಂಟು. ಈ ಭಯದಿಂದ ಮಗುವಿನ ಗಂಟಲಿಗೆ ಬೆರಳು ಹಾಕಿ ಕಫ ತೆಗೆಯುವವರೂ ಇದ್ದಾರೆ. ಆದ್ದರಿಂದ ಈ ಸಲ ಇದನ್ನೇ ತಿಳಿದುಕೊಳ್ಳೋಣ.

ನಮ್ಮ ಮೂಗು ಮತ್ತು ಶ್ವಾಸನಾಳಗಳ ಒಳಪದರ ಆರೋಗ್ಯವಿದ್ದಾಗಲೂ ದಿನವಿಡೀ ಲೋಳೆಯನ್ನು ಸ್ರವಿಸುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 95 ಭಾಗ ನೀರು. ಉಳಿದದ್ದು ಉಪ್ಪು ಮತ್ತು ಮ್ಯೂಸಿನ್ ಎಂಬ ಅಂಟು ಪದಾರ್ಥ. ಕಣದ ಧೂಳು, ಒಲೆಯ ಹೊಗೆ, ರೋಗಾಣುಗಳು ಇದಕ್ಕೆ ಅಂಟಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಸೂಕ್ಷ್ಮ ರೋಮಗಳು ಗಾಳಿಗೆ ಬಾಗುವ ಪೈರಿನಂತೆ ಆಡುತ್ತಾ ಲೋಳೆಯನ್ನು ಗಂಟಲಿಗೆ ತಳ್ಳುತ್ತವೆ. ಅಲ್ಲಿಂದ ನಾವು ಅರಿವಿಲ್ಲದೆ ನುಂಗುತ್ತೇವೆ. ಬೀಡಿ ಸೇದುವವರಲ್ಲಿ ಈ ರೋಮಗಳು ಸೋಲುತ್ತವೆ. ಅವರ ಬೆಳಗಿನ ಕೆಮ್ಮಿಗೆ ಇದೂ ಒಂದು ಕಾರಣ.

ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಕಫ ಅನ್ನನಾಳದ ದಾರಿಯಾಗಿ ಹೊಟ್ಟೆ ಸೇರುತ್ತದೆ, ಎದೆಗೆ ಹೋಗುವುದಿಲ್ಲ. ಹೊಟ್ಟೆಯ ಆಮ್ಲ ಹೆಚ್ಚಿನ ರೋಗಾಣುಗಳನ್ನು ಕೊಲ್ಲುತ್ತದೆ. ಜೀರ್ಣರಸಗಳು ಲೋಳೆಯನ್ನು ಒಡೆಯುತ್ತವೆ, ನೀರು ಕರುಳಿನಲ್ಲಿ ಹೀರಲ್ಪಡುತ್ತದೆ, ಮಿಕ್ಕದ್ದು ಮಲದೊಡನೆ ಹೊರಬೀಳುತ್ತದೆ. ಕಫ ಬಹಳವಾದರೆ ಮಗು ವಾಂತಿಯಲ್ಲಿ ಅದನ್ನು ಹೊರಹಾಕಬಹುದು, ಅಷ್ಟಕ್ಕೇ ಹೆದರಬೇಕಾಗಿಲ್ಲ.

ಆದರೆ ಕ್ಷಯದ ರೋಗಾಣುವಿಗೆ ಮೇಣದಂಥ ಹೊದಿಕೆ ಇದೆ. ಆಮ್ಲಕ್ಕೆ ಅದು ಸುಲಭವಾಗಿ ಸಾಯುವುದಿಲ್ಲ. ಉಗುಳಲು ಬಾರದ ಮಕ್ಕಳಿಗೆ ವೈದ್ಯರು ಬೆಳಗ್ಗೆ ಬರಿಹೊಟ್ಟೆಯಲ್ಲಿ ಸಣ್ಣ ನಳಿಕೆಯಿಂದ ಹೊಟ್ಟೆಯ ರಸ ತೆಗೆದು ಪರೀಕ್ಷಿಸುವುದು ಇದರಿಂದಲೇ. ಮಗುವಿನ ಮಲದಲ್ಲೂ ಕ್ಷಯವನ್ನು ಹುಡುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಾಗೆ ಕೇಳಿದರೆ ಬೇಡವೆನ್ನಬೇಡಿ.

ಜಂತುಹುಳುವೂ ಇದೇ ದಾರಿ ಹಿಡಿಯುತ್ತದೆ. ಮಣ್ಣಿನ ಕೈಯಿಂದ, ತೊಳೆಯದ ತರಕಾರಿಯಿಂದ ಒಳಹೋದ ಮೊಟ್ಟೆ ಕರುಳಿನಲ್ಲಿ ಒಡೆಯುತ್ತದೆ. ಮರಿ ರಕ್ತದೊಡನೆ ಶ್ವಾಸಕೋಶ ಸೇರಿ, ಕಫದೊಡನೆ ಗಂಟಲಿಗೆ ಬಂದು, ನುಂಗಿದಾಗ ಮತ್ತೆ ಕರುಳಿಗಿಳಿದು ಬೆಳೆಯುತ್ತದೆ.

ಕುರಿಗಳಲ್ಲೂ ಹೀಗೆಯೇ. ಕೊಂಬಿಲ್ಲದ ಕೆಂಗಂದು ಮೇಚೇರಿ ಕುರಿ ನಮ್ಮ ಸೀಮೆಯ ಹೆಮ್ಮೆ. ಪೊಟ್ಟನೇರಿಯಲ್ಲಿ 1978ರಿಂದ ಅದಕ್ಕೆಂದೇ ಸಂಶೋಧನಾ ನಿಲಯವಿದೆ. ಯಾವ ತಳಿಯ ಕುರಿಗಾದರೂ ಶ್ವಾಸಕೋಶದ ಹುಳು ತಗುಲಿದರೆ, ಅದರ ಮರಿಗಳು ಕೆಮ್ಮಿನೊಡನೆ ಗಂಟಲಿಗೆ ಬಂದು, ನುಂಗಲ್ಪಟ್ಟು, ಹಿಕ್ಕೆಯಲ್ಲಿ ಬಿದ್ದು ಮೇವಿನ ನೆಲ ಸೇರುತ್ತವೆ. ಕುರಿ ಕೆಮ್ಮುತ್ತಾ ಸೊರಗಿದರೆ ಅಂದಿನ ಹೊಸ ಹಿಕ್ಕೆಯನ್ನು ಪಶುವೈದ್ಯರಿಗೆ ತೋರಿಸಿ. ಕೆಮ್ಮು ಎದೆಯದಾದರೂ ಕುರುಹು ಹಿಕ್ಕೆಯಲ್ಲಿ ಸಿಗುತ್ತದೆ.

ನಾವು ನೆನಪಿಡಬೇಕಾದದ್ದು ಇಷ್ಟು:

ಮಗುವಿನ ಗಂಟಲಿಗೆ ಬೆರಳು ಹಾಕಬೇಡಿ, ಎದೆಹಾಲು ನಿಲ್ಲಿಸಬೇಡಿ. ವರ್ಷ ತುಂಬದ ಕೂಸಿಗೆ ಜೇನು ಬೇಡ.

ದೊಡ್ಡವರು ಕಫ ನುಂಗಿದರೂ ದೋಷವಿಲ್ಲ. ಉಗುಳುವುದಾದರೆ ಹಟ್ಟಿಯಲ್ಲಿ, ಅಂಗಳದಲ್ಲಿ ಬೇಡ.

ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಅದಕ್ಕೆ ಹಣವಿಲ್ಲ.

ಉಸಿರೆಳೆಯುವಾಗ ಮಗುವಿನ ಪಕ್ಕೆಯ ಕೆಳಭಾಗ ಒಳಸೆಳೆದರೆ, ಅಥವಾ 2 ತಿಂಗಳಿನಿಂದ ಒಂದು ವರ್ಷದೊಳಗಿನ ಕೂಸು ನಿಮಿಷಕ್ಕೆ 50 ಸಲಕ್ಕಿಂತ ಹೆಚ್ಚು ಉಸಿರಾಡಿದರೆ, ಬೆಳಗಾಗುವವರೆಗೆ ಕಾಯಬೇಡಿ. ಅದು ನುಂಗಿದ ಕಫದ ತೊಂದರೆಯಲ್ಲ, ನ್ಯುಮೋನಿಯಾ ಇರಬಹುದು.