ಕನಿಷ್ಠ ವೇತನ ಏರಿದರೆ ನಮ್ಮ ಹಟ್ಟಿಯ ಲೆಕ್ಕ ಏನಾಗುತ್ತದೆ?



ಕನಿಷ್ಠ ವೇತನ ಏರಿಸುವ ಸುದ್ದಿ ಪತ್ರಿಕೆಯಲ್ಲಿ ಬಂದ ಮರುದಿನ ಸಂಘದ ಜಗಲಿಯಲ್ಲಿ ಎರಡು ಮಾತು ಕೇಳಿಬರುತ್ತದೆ. "ಈಗಲೇ ಆಳು ಸಿಗುವುದಿಲ್ಲ, ಇನ್ನು ಸಂಬಳವೂ ಏರಿದರೆ ಹಸು ಸಾಕುವುದು ಹೇಗೆ?" ಎಂಬುದು ಒಂದು. "ಬೀಡಿಯ ಮಜೂರಿ ಏರಲಿ, ಮನೆ ಖರ್ಚಿಗೆ ಆಧಾರವಾದೀತು" ಎಂಬುದು ಇನ್ನೊಂದು. ಅನೇಕ ಸಲ ಈ ಎರಡೂ ಮಾತು ಬರುವುದು ಒಂದೇ ಮನೆಯಿಂದ.

ಬಂಟ್ವಾಳ, ಬೆಳ್ತಂಗಡಿ, ವೇಣೂರು ಕಡೆಯ ದಾರಿಗಳು ಕೂಡುವ ಗುರುವಾಯನಕೆರೆಯ ಸುತ್ತಿನ ಮನೆಗಳನ್ನೇ ನೋಡಿ. ಎರಡು ಹಸು, ಸ್ವಲ್ಪ ಅಡಿಕೆ, ಮನೆಯ ಹೆಂಗಸರಿಗೆ ಬಿಡುವಾದಾಗ ಬೀಡಿ. ಹುಲ್ಲು ತರಲು, ಸೆಗಣಿ ಹೊರಲು ಆಗೀಗ ಒಂದು ಆಳು. ಅಂದರೆ ನೀವು ಸಂಬಳ ಕೊಡುವವರೂ ಹೌದು, ಪಡೆಯುವವರೂ ಹೌದು. ಆದ್ದರಿಂದ ವೇತನ ಏರಬೇಕೇ ಬೇಡವೇ ಎಂದು ಹೇಳುವ ಮೊದಲು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ?

ಕನಿಷ್ಠ ವೇತನ ಕಾಯ್ದೆ ಬಂದದ್ದು 1948ರಲ್ಲಿ. ಅದರ ಅನುಸೂಚಿಯ ಎರಡನೆಯ ಭಾಗದಲ್ಲಿ ಕೃಷಿಯನ್ನು ಸೇರಿಸಿದ್ದರು. ಕೃಷಿ ಎಂಬುದರ ವಿವರಣೆಯಲ್ಲಿ ಹೈನುಗಾರಿಕೆಯೂ ಇತ್ತು. ಮೊದಲ ಭಾಗದಲ್ಲಿ ಬೀಡಿ ತಯಾರಿಕೆ ಇತ್ತು. ಹೀಗೆ ನಮ್ಮ ಹಟ್ಟಿಯ ಕೆಲಸವೂ ಜಗಲಿಯ ಬೀಡಿ ಕೆಲಸವೂ ಆರಂಭದಿಂದಲೇ ಈ ಕಾನೂನಿನ ಒಳಗೆ ಬಂದಿದ್ದವು. ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿದ 1966ರ ಬೀಡಿ ಕಾರ್ಮಿಕರ ಕಾಯ್ದೆಯನ್ನು ಮಂಗಳೂರಿನ ಬೀಡಿ ಉದ್ಯಮವೂ ಸೇರಿದಂತೆ ಮಾಲಿಕರು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದರು. 1974ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಎತ್ತಿಹಿಡಿಯಿತು.

ಈಗ ಆ ಹಳೆಯ ಕಾಯ್ದೆಗಳ ಸ್ಥಾನದಲ್ಲಿ ಹೊಸ ಸಂಹಿತೆಗಳು ಬಂದಿವೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಇದರಲ್ಲಿ ಉದ್ಯೋಗಗಳ ಪಟ್ಟಿ ಇಲ್ಲ. ಕನಿಷ್ಠ ವೇತನ ಎಲ್ಲ ಬಗೆಯ ಕೆಲಸಕ್ಕೂ ಅನ್ವಯಿಸುತ್ತದೆ. ಕೇಂದ್ರ ಸರಕಾರ ಒಂದು ತಳಮಟ್ಟದ ವೇತನವನ್ನು ಗೊತ್ತುಮಾಡಬೇಕು, ರಾಜ್ಯಗಳು ಅದಕ್ಕಿಂತ ಕಡಿಮೆ ನಿಗದಿ ಮಾಡುವಂತಿಲ್ಲ.

ದರವನ್ನು ಯಾವ ಆಧಾರದಲ್ಲಿ ನಿಗದಿ ಮಾಡುತ್ತಾರೆ?

1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇದಕ್ಕೊಂದು ಅಳತೆಗೋಲು ಕೊಟ್ಟಿತು. ದುಡಿಯುವವನೊಬ್ಬನ ಸಂಬಳದಲ್ಲಿ ಮೂರು ಪಾಲು ಉಣ್ಣುವ ಕುಟುಂಬ ಬದುಕಬೇಕು. ಒಂದು ಪಾಲಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪ ಇತ್ಯಾದಿಗಳಿಗೆ ಒಟ್ಟು ವೇತನದ ಶೇಕಡಾ 20. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಶಿಕ್ಷಣ, ಔಷಧಿ, ಮದುವೆ, ಮುಪ್ಪಿನ ಖರ್ಚು ಮುಂತಾದವುಗಳಿಗೆಂದು ಶೇಕಡಾ 25 ಸೇರಿಸಬೇಕೆಂದು ಹೇಳಿತು. ಇದರ ಮೇಲೆ ಬೆಲೆ ಏರಿದಂತೆ ತುಟ್ಟಿಭತ್ಯೆ ಸೇರುತ್ತದೆ.

"ನನಗೆ ಕೊಡುವ ಶಕ್ತಿ ಇಲ್ಲ" ಎಂದು ಮಾಲಿಕ ಹೇಳಿದರೆ? ಕೇರಳದ ಹೆಂಚಿನ ಕಾರ್ಖಾನೆಗಳ ಮೊಕದ್ದಮೆಯಲ್ಲಿ 1961ರಲ್ಲೇ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿದೆ. ಕನಿಷ್ಠ ವೇತನದ ವಿಚಾರದಲ್ಲಿ ಮಾಲಿಕನ ಶಕ್ತಿ ಪರಿಗಣನೆಗೆ ಬರುವುದಿಲ್ಲ.

ಒಂದು ಮನೆಯ ಲೆಕ್ಕ

ಲೆಕ್ಕದ ಕ್ರಮ ತೋರಿಸಲು ಇಲ್ಲಿ ಕೆಲವು ಅಂಕಿಗಳನ್ನು ಹಿಡಿದಿದ್ದೇವೆ. ನಿಮ್ಮ ಮನೆಯ ಅಂಕಿಗಳನ್ನು ಹಾಕಿ ನೋಡಿಕೊಳ್ಳಿ.

ಎರಡು ಹಸು, ಸಂಘಕ್ಕೆ ದಿನಕ್ಕೆ 12 ಲೀಟರ್, ತಿಂಗಳಿಗೆ 360 ಲೀಟರ್. ಹಟ್ಟಿ ಕೆಲಸಕ್ಕೆ ತಿಂಗಳಲ್ಲಿ 5 ದಿನ ಆಳು. ದಿನದ ಸಂಬಳ 500 ರೂ. ಎಂದಿರಲಿ, ಅದು 50 ರೂ. ಏರಿತೆನ್ನಿ.

1. ಹೆಚ್ಚು ಕೊಡಬೇಕಾದ್ದು ತಿಂಗಳಿಗೆ 250 ರೂ. ಲೀಟರಿಗೆ ಸುಮಾರು 70 ಪೈಸೆ.

2. ಅದೇ ಮನೆಯಲ್ಲಿ ತಿಂಗಳಿಗೆ 10 ಸಾವಿರ ಬೀಡಿ ಕಟ್ಟುತ್ತಾರೆ. ಸಾವಿರಕ್ಕೆ 20 ರೂ. ಏರಿದರೆ ಒಳಗೆ ಬರುವುದು 200 ರೂ.

3. ಹಾಲು ಕರೆಯಲು, ಹಟ್ಟಿ ತೊಳೆಯಲು, ಹುಲ್ಲು ಹಾಕಲು, ಸಂಘಕ್ಕೆ ಹೋಗಿಬರಲು ಮನೆಯವರ ದುಡಿಮೆ ದಿನಕ್ಕೆ 4 ಗಂಟೆ, ಅಂದರೆ ಅರ್ಧ ಆಳು. ತಿಂಗಳಿಗೆ 15 ಆಳು. ಏರಿಕೆಗೆ ಮೊದಲಿನ 500 ರೂ. ದರದಲ್ಲೇ 7,500 ರೂ. ಲೀಟರಿಗೆ 20 ರೂ. 83 ಪೈಸೆ!

ನಾವು ಜಗಲಿಯಲ್ಲಿ ವಾದ ಮಾಡುವುದು ಮೊದಲನೆಯ 70 ಪೈಸೆಯ ಬಗ್ಗೆ. ಮೂರನೆಯದನ್ನು ಖರ್ಚೆಂದು ಬರೆಯುವವರೇ ಕಡಿಮೆ. ಹಿಂಡಿಗೆ ಇಷ್ಟು, ಔಷಧಿಗೆ ಇಷ್ಟು ಎಂದು ಬರೆಯುತ್ತೇವೆ. ಬೆಳಗ್ಗೆ 5 ಗಂಟೆಗೆ ಏಳುವ ಮನೆಯಾಕೆಯ ಶ್ರಮಕ್ಕೆ ಸೊನ್ನೆ ಹಾಕುತ್ತೇವೆ.

ಹಾಗಾದರೆ ಕಷ್ಟವೇ ಇಲ್ಲವೇ?

ಇದೆ. ಖಾಯಂ ಆಳುಗಳನ್ನಿಟ್ಟು ಹತ್ತು ಇಪ್ಪತ್ತು ಹಸು ಸಾಕುವವರಿಗೆ ಹೊರೆ ದೊಡ್ಡದು. ಬೀಡಿಯಲ್ಲಿಯೂ ದರ ಏರಿ ಕೆಲಸದ ದಿನ ಕಡಿಮೆಯಾದರೆ ಏರಿಕೆ ಕೈಗೆ ಸಿಗದು. ಆದರೆ ಇನ್ನೊಂದು ಮುಖವೂ ಇದೆ. ಕೂಲಿ ಮನೆಗೆ ನಾಲ್ಕು ಕಾಸು ಹೆಚ್ಚು ಬಂದಾಗ ಅಕ್ಕಿಯ ಖರ್ಚು ಹೆಚ್ಚೇನೂ ಬೆಳೆಯುವುದಿಲ್ಲ. ಹಾಲು, ಮೊಟ್ಟೆ, ಮೀನಿನ ಖರ್ಚು ಬೆಳೆಯುತ್ತದೆ. ನಮ್ಮ ಹಾಲಿಗೆ ಗಿರಾಕಿಯೂ ಆ ಮನೆಯೇ.

ಹಾಲಿನ ದರಕ್ಕೆ ಇಂಥ ಅಳತೆಗೋಲು ಇದೆಯೇ?

ಕಾರ್ಮಿಕರ ವೇತನಕ್ಕೆ ಕುಟುಂಬದ ಅಗತ್ಯದ ಲೆಕ್ಕವಿದೆ, ತುಟ್ಟಿಭತ್ಯೆ ಇದೆ. ಭತ್ತದಂಥ ಬೆಳೆಗಳ ಬೆಂಬಲ ಬೆಲೆ ಶಿಫಾರಸು ಮಾಡುವಾಗಲೂ ಕೈಯಿಂದ ಕೊಟ್ಟ ಖರ್ಚಿನ ಜತೆಗೆ ಮನೆಯವರ ದುಡಿಮೆಯ ಬೆಲೆ ಹಿಡಿಯುತ್ತಾರೆ. ಹಾಲಿಗೆ ಬೆಂಬಲ ಬೆಲೆ ಇಲ್ಲ. ರಾಜ್ಯ ಸರಕಾರ 2008ರಲ್ಲಿ ಲೀಟರಿಗೆ 2 ರೂ. ಪ್ರೋತ್ಸಾಹಧನ ಆರಂಭಿಸಿತು, 2013ರಲ್ಲಿ ಅದು 4 ರೂ., 2016ರಲ್ಲಿ 5 ರೂ. ಆಯಿತು. 2025ರ ಏಪ್ರಿಲ್ 1ರಿಂದ ಮಾರಾಟ ದರ ಲೀಟರಿಗೆ 4 ರೂ. ಏರಿತು, ಆ ಹಣ ಉತ್ಪಾದಕರಿಗೆ ಎಂದು ಸರಕಾರ ಹೇಳಿತು. ಇವೆಲ್ಲ ಉಪಕಾರವೇ. ಆದರೆ ಬೆಲೆ ಏರಿದಂತೆ ತಾನಾಗಿ ಏರುವ ವ್ಯವಸ್ಥೆ ಇದಲ್ಲ; ಪ್ರತಿ ಸಲವೂ ಕೇಳಿ ಪಡೆಯಬೇಕು. ಕೇಳುವಾಗ ನಮ್ಮ ಕೈಯಲ್ಲಿ ಲೆಕ್ಕ ಇರಬೇಕು.

ನೀವು ಮಾಡಬಹುದಾದ್ದು

1. ಹಾಲಿನ ಪಾಸ್‌ಪುಸ್ತಕದ ಜತೆಗೆ ಒಂದು ನೋಟು ಪುಸ್ತಕವಿಡಿ. ಹಟ್ಟಿಯಲ್ಲಿ ಯಾರು ಎಷ್ಟು ಗಂಟೆ ದುಡಿದರೆಂದು ಒಂದು ತಿಂಗಳು ಬರೆಯಿರಿ. ಅದಕ್ಕೆ ಕನಿಷ್ಠ ವೇತನದ ದರ ಹಾಕಿ.

2. ಆಳಿಗೆ ದರದಂತೆ ಸಂಬಳ ಕೊಡಿ. ಒಂದೇ ಕೆಲಸಕ್ಕೆ ಗಂಡಾಳಿಗೊಂದು ಹೆಣ್ಣಾಳಿಗೊಂದು ಸಂಬಳ ಮಾಡುವುದನ್ನು 1976ರ ಸಮಾನ ವೇತನ ಕಾಯ್ದೆ ನಿಷೇಧಿಸಿತ್ತು, ಹೊಸ ಸಂಹಿತೆಯೂ ನಿಷೇಧಿಸುತ್ತದೆ.

3. ಉಳಿತಾಯವನ್ನು ಕೆಲಸದ ಗಂಟೆಗಳಲ್ಲಿ ಹುಡುಕಿ. ಹಟ್ಟಿಯ ಹತ್ತಿರವೇ ನೆಪಿಯರ್ ಹುಲ್ಲು ಬೆಳೆದರೆ, ಎರಡು ಮೂರು ಮನೆಯವರು ಸೇರಿ ಹುಲ್ಲು ಕತ್ತರಿಸುವ ಯಂತ್ರ ಇಟ್ಟುಕೊಂಡರೆ ಎಷ್ಟೋ ಶ್ರಮ ತಪ್ಪುತ್ತದೆ.

4. ಸಂಘದ ವಾರ್ಷಿಕ ಮಹಾಸಭೆಯಲ್ಲಿ ಆ ನೋಟು ಪುಸ್ತಕವನ್ನು ಓದಿ. ಹಾಲಿನ ಉತ್ಪಾದನಾ ವೆಚ್ಚ ಹೇಳುವಾಗ ಮನೆಯವರ ದುಡಿಮೆಯನ್ನು ಕನಿಷ್ಠ ವೇತನದ ದರದಲ್ಲಿ ಸೇರಿಸಬೇಕೆಂದು ಠರಾವು ಮಾಡಿ. ಒಕ್ಕೂಟ ಹಾಲು ಮಾರಿ ಬಂದದ್ದರಲ್ಲೇ ಕೊಡಬೇಕು ಎಂಬುದು ನಿಜ. ಹೆಚ್ಚಿನದು ಗಿರಾಕಿಯಿಂದ ಇಲ್ಲವೇ ಸರಕಾರದಿಂದ ಬರಬೇಕು. ಆದರೂ ಅವರ ಮುಂದೆ ಇಡಲು ಒಕ್ಕೂಟಕ್ಕೆ ಬೇಕಾದ್ದು ನಿಮ್ಮ ಹಟ್ಟಿಯ ಈ ಲೆಕ್ಕವೇ.

ಕನಿಷ್ಠ ವೇತನ ಏರಿದಾಗ ನಮ್ಮ ಶ್ರಮದ ಬೆಲೆಯೂ ಏರುತ್ತದೆ. ಆ ಬೆಲೆಯನ್ನು ಮೊದಲು ನಾವು ಬರೆದಿಡೋಣ. ನಾವೇ ಬರೆಯದ ಖರ್ಚನ್ನು ಬೇರೆಯವರು ಹೇಗೆ ಕೊಟ್ಟಾರು?