ಜಾಲದ ಮೂಲಕ ಎಚ್ಚರಗೊಳ್ಳುವ ಗಣಕಯಂತ್ರ

'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು' ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ರೋಗ ಎಲ್ಲಿದೆ ಎಂದು ತಿಳಿಯದೆ ಮದ್ದು ಮಾಡಹೊರಟವರನ್ನು ಕಂಡು ಹಿರಿಯರು ಆಡಿದ ಮಾತಿದು. ಗಣಕಯಂತ್ರ ಕೆಟ್ಟಾಗಲೂ ಹೀಗೆಯೇ ಆಗುವುದುಂಟು. ಕೇಬಲ್ ಸಡಿಲವಾಗಿದ್ದರೆ ಹಾರ್ಡ್ ಡಿಸ್ಕ್ ಬದಲಾಯಿಸುತ್ತಾರೆ. ಕಡತದ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಹೊಸ ನೆಟ್‌ವರ್ಕ್ ಕಾರ್ಡ್ ತರಿಸುತ್ತಾರೆ. ಗುಮಟಾಪುರದಂತಹ ಊರಿಗೆ ರಿಪೇರಿಯವರನ್ನು ದೂರದ ಪಟ್ಟಣದಿಂದ ಕರೆಸಬೇಕಾದರೆ ಹಣವೂ ಹೋಗುತ್ತದೆ, ಕಾಯುವ ದಿನಗಳಲ್ಲಿ ಮಕ್ಕಳ ಪಾಠವೂ ತಪ್ಪುತ್ತದೆ. ಆದುದರಿಂದ ದೋಷವನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ತಿಳಿದುಕೊಳ್ಳೋಣ.

ಗಣಕಯಂತ್ರವು ಕೆಲಸ ಮಾಡಬೇಕಾದರೆ ಅದರಲ್ಲಿ ಆಪರೇಟಿಂಗ್ ಸಿಸ್ಟಂ ಎಂಬ ಮೂಲ ತಂತ್ರಾಂಶ ಇರಬೇಕು. ವಿಂಡೋಸ್ ಅಂತಹದೊಂದು. ಸಿ-ಡ್ಯಾಕ್ ಸಂಸ್ಥೆಯು ಚೆನ್ನೈಯಲ್ಲಿ ಸಿದ್ಧಪಡಿಸಿದ 'ಬಾಸ್' ಇನ್ನೊಂದು. ತಮಿಳುನಾಡು ಸರಕಾರವು 2011ರಲ್ಲಿ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯ ಅನೇಕ ಯಂತ್ರಗಳಲ್ಲಿ ಈ ಎರಡೂ ಇದ್ದವು. ಇಂತಹ ತಂತ್ರಾಂಶವನ್ನು ಪೆನ್ ಡ್ರೈವ್‌ನಿಂದ ಒಂದು ಯಂತ್ರಕ್ಕೆ ಹಾಕಲು 40 ನಿಮಿಷ ಬೇಕೆಂದು ಇಟ್ಟುಕೊಳ್ಳಿ. 20 ಯಂತ್ರಗಳಿಗೆ ಒಂದಾದಮೇಲೊಂದರಂತೆ ಹಾಕಿದರೆ 800 ನಿಮಿಷ, ಅಂದರೆ 13 ಗಂಟೆಗೂ ಮೇಲಾಯಿತು! ಪ್ರತಿಯೊಂದರ ಮುಂದೆಯೂ ಕುಳಿತು ಭಾಷೆ ಯಾವುದು, ಗುಪ್ತಪದ ಯಾವುದು ಎಂಬ ಅವೇ ಪ್ರಶ್ನೆಗಳಿಗೆ ಅವೇ ಉತ್ತರ ಕೊಡಬೇಕು.

ಇದಕ್ಕೆ ಪರಿಹಾರವೇ ಜಾಲದ ಮೂಲಕ ಬೂಟ್ ಮಾಡುವ ವಿಧಾನ. ಸರ್ವರ್ ಎಂಬ ಒಂದು ಯಂತ್ರದಲ್ಲಿ ತಂತ್ರಾಂಶವನ್ನೂ ಎಲ್ಲ ಪ್ರಶ್ನೆಗಳ ಉತ್ತರಗಳನ್ನೂ ಬರೆದಿಟ್ಟರೆ, ಉಳಿದ ಯಂತ್ರಗಳು ಕೇಬಲ್ ಮೂಲಕ ಅದನ್ನು ಕೇಳಿ ಪಡೆದು ತಾವೇ ಸಿದ್ಧವಾಗುತ್ತವೆ. ಈ ವಿಚಾರ ತೀರ ಹೊಸದಲ್ಲ. ಡಿಸ್ಕ್‌ಗಳು ಬಹಳ ದುಬಾರಿಯಾಗಿದ್ದ ಕಾಲದಲ್ಲಿ, ಡಿಸ್ಕ್ ಇಲ್ಲದ ಯಂತ್ರಗಳನ್ನು ಜಾಲದಿಂದಲೇ ಎಬ್ಬಿಸುವ ಸಲುವಾಗಿ 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಎಂಬವರು 'ಬೂಟ್‌ಪಿ' ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಅದರ ಮುಂದುವರಿದ ರೂಪವಾದ 'ಡಿಎಚ್‌ಸಿಪಿ' 1993ರಲ್ಲಿ ಬಂದಿತು. ಇಂಟೆಲ್ ಕಂಪೆನಿಯು 'ಪಿಎಕ್ಸ್‌ಇ' ಎಂಬ ಕ್ರಮವನ್ನು ರೂಪಿಸಿತು. 1999ರಲ್ಲಿ ಬಂದ ಅದರ 2.1ನೆಯ ಆವೃತ್ತಿ ವ್ಯಾಪಕವಾಗಿ ಬಳಕೆಗೆ ಬಂದಿತು.

ಇದು ನಡೆಯುವ ಬಗೆ ಹೀಗೆ. ಗುರುತು ಪರಿಚಯವಿಲ್ಲದ ಊರಿಗೆ ಬಂದಿಳಿದ ಮನುಷ್ಯನಂತೆ, ಆಗತಾನೆ ಎದ್ದ ಯಂತ್ರಕ್ಕೆ ತನ್ನ ವಿಳಾಸವೂ ತಿಳಿಯದು, ಸರ್ವರ್ ಎಲ್ಲಿದೆ ಎಂಬುದೂ ತಿಳಿಯದು. ಅದು "ಯಾರಾದರೂ ಇದ್ದೀರಾ? ನನಗೊಂದು ವಿಳಾಸ ಕೊಡಿ" ಎಂದು ಜಾಲದಲ್ಲೆಲ್ಲ ಕೂಗುತ್ತದೆ. ಡಿಎಚ್‌ಸಿಪಿ ಸರ್ವರ್ ಅದನ್ನು ಕೇಳಿ ವಿಳಾಸವನ್ನು ಕೊಡುತ್ತದೆ. ಜೊತೆಗೆ, "ಇಂತಹ ಸರ್ವರ್‌ನಲ್ಲಿ ಇಂತಹ ಹೆಸರಿನ ಕಡತ ಇದೆ, ತೆಗೆದುಕೋ" ಎಂದೂ ಹೇಳುತ್ತದೆ. ಯಂತ್ರವು 'ಟಿಎಫ್‌ಟಿಪಿ' ಎಂಬ ಸರಳ ವಿಧಾನದಿಂದ ಆ ಚಿಕ್ಕ ಕಡತವನ್ನು ತರಿಸಿಕೊಳ್ಳುತ್ತದೆ. ಆ ಕಡತವು ತಂತ್ರಾಂಶದ ತಿರುಳಾದ ಕರ್ನೆಲ್ಲನ್ನು ತರಿಸುತ್ತದೆ. ಕೊನೆಗೆ ಉತ್ತರಗಳ ಕಡತ ಬಂದು ಕೆಲಸ ಪೂರ್ಣವಾಗುತ್ತದೆ.

ಸತ್ಯಮಂಗಲದಿಂದ ಹೊರಟ ಬಸ್ಸು ತಾಳವಾಡಿಗೆ ಬರಲಿಲ್ಲವೆಂದು ಭಾವಿಸಿ. ದಾರಿಯ ದಿಂಬಂ ಘಾಟಿಯಲ್ಲಿ 27 ತಿರುವುಗಳಿವೆ. ಬಸ್ಸನ್ನು 14ನೆಯ ತಿರುವಿನಲ್ಲಿ ಕಂಡವರಿದ್ದಾರೆ, 15ನೆಯ ತಿರುವಿನಲ್ಲಿ ಕಂಡವರಿಲ್ಲ ಎಂದಾದರೆ ಎಲ್ಲಿ ಹುಡುಕಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗಣಕಯಂತ್ರದ ದೋಷವೂ ಹಾಗೆಯೇ. ಅದು ಸರಿಯಾಗಿ ದಾಟಿದ ಕೊನೆಯ ಹಂತ ಯಾವುದೆಂದು ಗೊತ್ತಾದರೆ, ತೊಡಕು ಅದರ ಮುಂದಿನ ಹಂತದಲ್ಲಿದೆ ಎಂದು ತಿಳಿಯಬೇಕು. ಪರದೆಯ ಮೇಲೆ ಮೂಡುವ ಮಾತುಗಳೇ ನಮಗೆ ದಾರಿಯಲ್ಲಿ ಸಿಗುವ ಸಾಕ್ಷಿಗಳು. ಅವು ಮಾಯವಾಗುವ ಮೊದಲೇ ಕಾಗದದಲ್ಲಿ ಬರೆದುಕೊಳ್ಳಬೇಕು.

ಮೊದಲನೆಯ ಹಂತ ಕೇಬಲ್ಲಿನದು. ಪರದೆಯ ಮೇಲೆ 'ಪಿಎಕ್ಸ್‌ಇ-ಇ61' ಎಂಬ ಸಂಕೇತ ಬಂದರೆ ಕೇಬಲ್ ನೋಡು ಎಂದೇ ಅರ್ಥ. ಯಂತ್ರದ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಕಡೆ ಚಿಕ್ಕ ದೀಪ ಉರಿಯುತ್ತಿದೆಯೇ? ಇಲ್ಲವಾದರೆ ಕೇಬಲ್ಲನ್ನಾಗಲಿ, ಸ್ವಿಚ್ಚಿನಲ್ಲಿ ಸಿಕ್ಕಿಸಿದ ಜಾಗವನ್ನಾಗಲಿ ಬದಲಿಸಿ ನೋಡಬೇಕು. ಪಿಎಕ್ಸ್‌ಇ ಸಾಮಾನ್ಯವಾಗಿ ತಂತಿಯ ಮೂಲಕವೇ ನಡೆಯುತ್ತದೆ. ವೈ-ಫೈಯನ್ನು ನಂಬಿ ಕುಳಿತರೆ ಪ್ರಯೋಜನವಿಲ್ಲ. ಜಾಲದಿಂದ ಬೂಟ್ ಮಾಡುವ ಸೌಲಭ್ಯ ಯಂತ್ರದ ಮೂಲ ಸೆಟ್ಟಿಂಗಿನಲ್ಲಿ ಮುಚ್ಚಿರುವುದೂ ಉಂಟು. ಆಗ ಯಂತ್ರವು ಕೂಗುವುದೇ ಇಲ್ಲ.

ಎರಡನೆಯದು ವಿಳಾಸದ ಹಂತ. 'ಇ51' ಎಂದರೆ ಯಂತ್ರ ಕೂಗಿತು, ಓಗೊಡುವವರಿಲ್ಲ. ಹೊಸ ಯಂತ್ರಗಳಲ್ಲಿ ಇದನ್ನೇ 'ಇ16' ಎಂದು ತೋರಿಸುವುದುಂಟು. ಡಿಎಚ್‌ಸಿಪಿ ಸೇವೆ ನಡೆಯುತ್ತಿದೆಯೇ ಎಂದು ಸರ್ವರ್‌ನಲ್ಲಿ ನೋಡಬೇಕು. ಕೆಲವು ದೊಡ್ಡ ಸ್ವಿಚ್ಚುಗಳು ಹೊಸದಾಗಿ ಎದ್ದ ಯಂತ್ರದ ಮಾತನ್ನು ಸುಮಾರು 30 ಸೆಕೆಂಡು ತಡೆದು ಅನಂತರ ಬಿಡುತ್ತವೆ. ಅಷ್ಟರಲ್ಲಿ ಯಂತ್ರವು ಕೂಗುವುದನ್ನೇ ನಿಲ್ಲಿಸಿರಬಹುದು. ಯಂತ್ರಕ್ಕೂ ದೊಡ್ಡ ಸ್ವಿಚ್ಚಿಗೂ ನಡುವೆ ಸಾಧಾರಣ ಚಿಕ್ಕ ಸ್ವಿಚ್ಚೊಂದನ್ನು ಇಟ್ಟಾಗ ಸರಿಹೋದರೆ ಕಾರಣ ಇದೇ ಎಂದು ತಿಳಿಯಬಹುದು. 'ಇ53' ಬಂದರೆ ವಿಳಾಸ ಸಿಕ್ಕಿದೆ, ಆದರೆ ಕಡತದ ಹೆಸರು ಸಿಕ್ಕಿಲ್ಲ. ಇಂಟರ್ನೆಟ್ಟಿಗಾಗಿ ಇಟ್ಟಿರುವ ರೂಟರ್ ಕೂಡ ವಿಳಾಸ ಹಂಚುತ್ತಿದ್ದು, ನಮ್ಮ ಸರ್ವರ್‌ಗಿಂತ ಮೊದಲು ಉತ್ತರ ಕೊಟ್ಟಿರಬಹುದು. ಒಂದು ಜಾಲದಲ್ಲಿ ಇಬ್ಬರು ಯಜಮಾನರಿದ್ದರೆ ಗೊಂದಲ ತಪ್ಪದು.

ಮೂರನೆಯದು ಕಡತ ತರುವ ಹಂತ. 'ಇ32' ಎಂದರೆ ಕೇಳಿದ ಕಡತಕ್ಕಾಗಿ ಕಾದು ಸಾಕಾಯಿತು ಎಂದು. ಟಿಎಫ್‌ಟಿಪಿ ಸೇವೆ ನಿಂತಿರಬಹುದು, ಇಲ್ಲವೆ ಸರ್ವರ್‌ನ ಕಾವಲುಗಾರನಾದ ಫೈರ್‌ವಾಲ್ 69ನೆಯ ಬಾಗಿಲನ್ನು ಮುಚ್ಚಿರಬಹುದು. 'ಟಿ01' ಬಂದರೆ ಸರ್ವರ್ ಸಿಕ್ಕಿದೆ, ಕಡತ ಇಲ್ಲ. ಆಗ ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಬೇಕು. ಲಿನಕ್ಸ್ ಸರ್ವರ್‌ಗೆ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಕಡತ ಬಂದೂ ಯಂತ್ರ ಮುಂದುವರಿಯದಿದ್ದರೆ, ಹಳೆಯ ಬಯಾಸ್ ಯಂತ್ರಕ್ಕೆ ಹೊಸ ಯುಇಎಫ್ಐ ಯಂತ್ರದ ಕಡತವನ್ನು ಕೊಟ್ಟಿದ್ದೇವೆಯೇ ಎಂದು ಪರೀಕ್ಷಿಸಬೇಕು. ಎರಡಕ್ಕೂ ಬೇರೆ ಬೇರೆ ಕಡತಗಳು ಬೇಕು.

ನಾಲ್ಕನೆಯ ಹಂತದಲ್ಲಿ ಒಂದು ವಿಚಿತ್ರ ಕಾಣುತ್ತದೆ. ಇಷ್ಟು ಹೊತ್ತು ಜಾಲದಿಂದಲೇ ಎಲ್ಲವನ್ನೂ ತರಿಸಿಕೊಂಡ ಯಂತ್ರವು, ಕರ್ನೆಲ್ ಎದ್ದೊಡನೆ "ನೆಟ್‌ವರ್ಕ್ ಕಾರ್ಡ್ ಇಲ್ಲ" ಎನ್ನುತ್ತದೆ! ಇದರಲ್ಲಿ ಸುಳ್ಳೇನೂ ಇಲ್ಲ. ಮೊದಲು ಕಾರ್ಡನ್ನು ನಡೆಸಿದ್ದು ಯಂತ್ರದಲ್ಲೇ ಅಡಕವಾಗಿದ್ದ ಕ್ರಮವಿಧಿ. ಕರ್ನೆಲ್ ಬಂದಮೇಲೆ ಅದು ತನ್ನದೇ ಡ್ರೈವರನ್ನು ಬಳಸುತ್ತದೆ. ಆ ಕಾರ್ಡಿಗೆ ತಕ್ಕ ಡ್ರೈವರ್ ಅದರ ಬಳಿ ಇಲ್ಲದಿದ್ದರೆ ಕಾರ್ಡ್ ಅದಕ್ಕೆ ಕಾಣದು. ಹೊಸ ಕಾರ್ಡ್ ಕೊಳ್ಳುವ ಬದಲು ತಂತ್ರಾಂಶದ ಇತ್ತೀಚಿನ ಆವೃತ್ತಿಯನ್ನು ಸರ್ವರ್‌ನಲ್ಲಿ ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಐದನೆಯದು ಉತ್ತರಗಳ ಹಂತ. ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಬಾಸ್‌ನಂತಹ ತಂತ್ರಾಂಶಗಳಲ್ಲಿ ಈ ಕಡತಕ್ಕೆ 'ಪ್ರಿಸೀಡ್' ಎಂದು ಹೆಸರು, ಫೆಡೋರಾದಲ್ಲಿ 'ಕಿಕ್‌ಸ್ಟಾರ್ಟ್'. ಯಂತ್ರವು ನಡುವೆ ನಿಂತು ಪ್ರಶ್ನೆ ಕೇಳಿದರೆ ಅದು ಕೆಟ್ಟಿದೆಯೆಂದಲ್ಲ. ಆ ಪ್ರಶ್ನೆಯ ಉತ್ತರವನ್ನು ನಾವು ಬರೆದಿಟ್ಟಿಲ್ಲ, ಅಥವಾ ಕಡತವೇ ಅದಕ್ಕೆ ತಲುಪಿಲ್ಲ ಎಂದಷ್ಟೇ ಅರ್ಥ.

ಇನ್ನು ಎಲ್ಲರೂ ಗಮನಿಸಬೇಕಾದ ಎಚ್ಚರಿಕೆಯ ಮಾತು. ಹೀಗೆ ತಾನೇ ತಂತ್ರಾಂಶ ಹಾಕಿಕೊಳ್ಳುವಂತೆ ಏರ್ಪಡಿಸಿದ ಯಂತ್ರವು ಸಾಮಾನ್ಯವಾಗಿ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿಬಿಡುತ್ತದೆ, ಯಾರನ್ನೂ ಕೇಳುವುದಿಲ್ಲ. ವಿದ್ಯಾರ್ಥಿಗಳು ವರ್ಷವಿಡೀ ಮಾಡಿದ ಚಿತ್ರ, ಲೆಕ್ಕ, ಪ್ರಬಂಧಗಳು ಕ್ಷಣದಲ್ಲಿ ಹೋಗಬಹುದು. ಕೆಲಸ ಮುಗಿದ ಮೇಲೂ ಯಂತ್ರವು ಮೊದಲು ಜಾಲವನ್ನೇ ನೋಡುವಂತಿದ್ದರೆ, ಪುನಃ ಅಳಿಸಿ ಪುನಃ ಹಾಕಿಕೊಳ್ಳುತ್ತ ಸುತ್ತುತ್ತಲೇ ಇರುತ್ತದೆ. ಆದುದರಿಂದ ಬೂಟ್ ಕ್ರಮದಲ್ಲಿ ಡಿಸ್ಕ್ ಮೊದಲು, ಜಾಲ ಅನಂತರ ಇರಬೇಕು. ಖಾಲಿ ಡಿಸ್ಕಿನ ಯಂತ್ರ ತಾನಾಗಿ ಜಾಲಕ್ಕೆ ಬರುತ್ತದೆ. ಮಕ್ಕಳ ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟ ಮೇಲೆಯೇ ಈ ಕೆಲಸಕ್ಕೆ ಕೈಹಾಕಬೇಕು.

ಕೊನೆಯದಾಗಿ ಮೂರು ಸೂತ್ರಗಳನ್ನು ನೆನಪಿಡೋಣ. ಮೊದಲು, ಒಂದೇ ಯಂತ್ರ ಏಳುತ್ತಿಲ್ಲವೋ ಎಲ್ಲವೂ ಏಳುತ್ತಿಲ್ಲವೋ ಎಂದು ಕೇಳಬೇಕು. ಒಂದೇ ಆದರೆ ದೋಷ ಆ ಯಂತ್ರದ ಬಳಿ. ಎಲ್ಲವೂ ಆದರೆ ಸರ್ವರ್ ಅಥವಾ ಸ್ವಿಚ್ಚಿನ ಬಳಿ. ಎರಡನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಏಕಕಾಲಕ್ಕೆ ನಾಲ್ಕನ್ನು ಬದಲಿಸಿದರೆ ಯಾವುದರಿಂದ ಸರಿಹೋಯಿತೆಂಬುದೇ ತಿಳಿಯದು. ಮೂರನೆಯದಾಗಿ, ಕಂಡದ್ದನ್ನೂ ಮಾಡಿದ್ದನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಅದೇ ದಾರಿದೀಪ.

ನೀರೆತ್ತುವ ಮೋಟಾರು ನಿಂತರೂ ಮನೆಯ ದೀಪ ಆರಿದರೂ ಈ ಸೂತ್ರಗಳು ಒದಗುತ್ತವೆ. ಎಲ್ಲಿಯವರೆಗೆ ಸರಿಯಿದೆ ಎಂದು ಮೊದಲು ಕಂಡುಕೊಳ್ಳುವವನು ಎಮ್ಮೆಗೆ ಬರೆ ಹಾಕುವುದಿಲ್ಲ.