ಕಂಪೆನಿ ಬಿಟ್ಟರೆ ಇಮೇಲ್ ವಿಳಾಸದ ಗತಿಯೇನು?

ಮನೆಯ ಬ್ರಾಡ್‌ಬ್ಯಾಂಡ್ ಸರಿಯಾಗಿ ನಡೆಯುವುದಿಲ್ಲ. ದೂರು ಕೊಟ್ಟರೆ ನಾಲ್ಕು ದಿನ ಯಾರೂ ಬರುವುದಿಲ್ಲ. ಬಿಲ್ಲು ಮಾತ್ರ ತಪ್ಪದೆ ಬರುತ್ತದೆ. ಕೊನೆಗೆ ‘ಈ ಕಂಪೆನಿಯ ಸಹವಾಸವೇ ಬೇಡ, ಬೇರೆಯದನ್ನು ಹಾಕಿಸೋಣ’ ಎಂದು ಮನೆಯಲ್ಲಿ ತೀರ್ಮಾನವಾಗುತ್ತದೆ. ಹೊಸ ಕಂಪೆನಿಯ ದರ, ವೇಗ ಎಲ್ಲವನ್ನೂ ವಿಚಾರಿಸುತ್ತೇವೆ. ಆದರೆ ಹಳೆಯ ಕಂಪೆನಿ ಫೋನಿನ ಜೊತೆಗೆ ಕೊಟ್ಟಿದ್ದ ಇಮೇಲ್ ವಿಳಾಸ ಏನಾಗುತ್ತದೆ ಎಂದು ನಿಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೀರಿ?

ನಿಮ್ಮ ಇಮೇಲ್ ವಿಳಾಸವನ್ನೊಮ್ಮೆ ನೋಡಿ. ನಡುವೆ ‘ಆ್ಯಟ್’ ಎಂದು ಓದುವ ಸುರುಳಿ ಚಿಹ್ನೆಯಿದೆ. ಅದರ ಮುಂಚಿನ ಹೆಸರು ನೀವು ಆರಿಸಿದ್ದು. ಅದರ ನಂತರದ ಹೆಸರು ಯಾರದೋ ಅವರೇ ಆ ಅಂಚೆಪೆಟ್ಟಿಗೆಯ ಒಡೆಯರು. ಅದು ನಿಮ್ಮ ಫೋನ್ ಕಂಪೆನಿಯ ಹೆಸರಾದರೆ, ನೀವು ಅಲ್ಲಿ ಬಾಡಿಗೆಗಿದ್ದೀರಿ ಎಂದೇ ಅರ್ಥ. ಸಂಪರ್ಕ ಕಡಿದ ಮೇಲೆ ಪೆಟ್ಟಿಗೆಯನ್ನು ಉಳಿಸಬೇಕೋ ಮುಚ್ಚಬೇಕೋ ಎಂಬುದು ಕಂಪೆನಿಯ ನಿಯಮಕ್ಕೆ ಬಿಟ್ಟದ್ದು. ಕೆಲವರು ಒಂದಿಷ್ಟು ದಿನ ಕಾಯುತ್ತಾರೆ, ಕೆಲವರು ಹಣ ಕೇಳುತ್ತಾರೆ, ಕೆಲವರು ಅಳಿಸಿಯೇ ಬಿಡುತ್ತಾರೆ.

ಮೊಬೈಲ್ ಸಂಖ್ಯೆಯ ವಿಷಯ ಹಾಗಲ್ಲ. 2011ರ ಜನವರಿ 20ರಿಂದ ದೇಶದಾದ್ಯಂತ ಸಂಖ್ಯೆ ಬದಲಾಯಿಸದೆಯೇ ಕಂಪೆನಿ ಬದಲಾಯಿಸುವ ಸೌಲಭ್ಯವಿದೆ. ಇಮೇಲ್‌ಗೆ ಅಂತಹ ಏರ್ಪಾಡು ಇಲ್ಲ.

ಈ ವಿಳಾಸಗಳು ಬಂದದ್ದು ಹೇಗೆ?

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಸಂಪರ್ಕ ಪಡೆದವರಿಗೆ ಅದೇ ಸಂಸ್ಥೆಯ ಹೆಸರಿನ ಇಮೇಲ್ ವಿಳಾಸ ದೊರೆಯುತ್ತಿತ್ತು. ಮುಂದೆ ಬಿ.ಎಸ್.ಎನ್.ಎಲ್.ನ ಸಂಚಾರ್‌ನೆಟ್ ಮತ್ತು 2005ರಲ್ಲಿ ಆರಂಭವಾದ ಡಾಟಾವನ್ ಬ್ರಾಡ್‌ಬ್ಯಾಂಡ್ ಹೆಸರಿನ ವಿಳಾಸಗಳೂ ಮನೆಮನೆಗೆ ಬಂದವು. ವಿ.ಎಸ್.ಎನ್.ಎಲ್. 2002ರಲ್ಲಿ ಟಾಟಾ ಸಮೂಹದ ಪಾಲಾಯಿತು, 2008ರಲ್ಲಿ ಅದರ ಹೆಸರೇ ಬದಲಾಯಿತು. ಕಂಪೆನಿಯ ಹೆಸರನ್ನು ನಂಬಿ ವಿಳಾಸ ಇಟ್ಟುಕೊಂಡರೆ ಅದು ಎಷ್ಟು ಕಾಲ ನಿಲ್ಲುತ್ತದೆ ಎಂದು ಹೇಳಲಾಗದು. ಅಮೆರಿಕದ ದೊಡ್ಡ ಫೋನ್ ಕಂಪೆನಿಯಾದ ವೆರೈಝನ್ 2017ರಲ್ಲಿ ತನ್ನ ಇಮೇಲ್ ಸೇವೆಯನ್ನೇ ನಿಲ್ಲಿಸಿತು. ಅಲ್ಲಿನ ಗ್ರಾಹಕರು ಕಂಪೆನಿ ಬಿಡದಿದ್ದರೂ ಪತ್ರಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು.

ಸಂಪರ್ಕದ ಹಂಗಿಲ್ಲದ ವಿಳಾಸಗಳು ಬೇರೆಯೇ ಬಗೆಯವು. 1996ರಲ್ಲಿ ಸಬೀರ್ ಭಾಟಿಯಾ ಮತ್ತು ಜಾಕ್ ಸ್ಮಿತ್ ಆರಂಭಿಸಿದ ಹಾಟ್‌ಮೇಲ್, ಆಮೇಲೆ ಬಂದ ಯಾಹೂ ಮೇಲ್, 2004ರ ಜಿಮೇಲ್ ಇವೆಲ್ಲ ಯಾವ ಕಂಪೆನಿಯ ತಂತಿಯಿಂದಲೂ ತೆರೆಯುತ್ತವೆ. ಇಂದು ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಇವೇ. ಆದರೂ ಮನೆಯ ಹಿರಿಯರ, ಗಲ್ಫ್‌ನಲ್ಲೋ ಯುರೋಪಿನಲ್ಲೋ ಇರುವ ಬಂಧುಗಳ ಹಳೆಯ ವಿಳಾಸಗಳು ಫೋನ್ ಕಂಪೆನಿಯ ಹೆಸರಿನಲ್ಲಿಯೇ ಉಳಿದಿರಬಹುದು.

ಕಳೆದುಕೊಳ್ಳುವುದೇನು?

ಹೀಗೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಪತಿ ಹದಿನೈದು ವರ್ಷ ಪರದೇಶದಲ್ಲಿ ದುಡಿದವರು. ಅವರು ಬರೆದ ಪತ್ರಗಳು, ಮಕ್ಕಳ ಬಾಲ್ಯದ ಫೋಟೋಗಳು, ಹಣ ಕಳುಹಿಸಿದ ರಸೀದಿಗಳು, ನಿವೇಶನದ ಕಾಗದಪತ್ರದ ಪ್ರತಿಗಳು ಎಲ್ಲವೂ ಅದೊಂದೇ ಅಂಚೆಪೆಟ್ಟಿಗೆಯಲ್ಲಿವೆ. ಮಗ ಬ್ರಾಡ್‌ಬ್ಯಾಂಡ್ ಬದಲಾಯಿಸಿದ. ಎರಡು ತಿಂಗಳ ನಂತರ ತಾಯಿ ಯಾವುದೋ ರಸೀದಿಗಾಗಿ ಹುಡುಕಿದರೆ ಬಾಗಿಲೇ ತೆರೆಯುವುದಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಮರೆತಿದೆ ಎಂದರೆ ಹೊಸದು ಬರುವುದೂ ಆ ಮುಚ್ಚಿದ ಪೆಟ್ಟಿಗೆಗೇ. ಆ ತಾಯಿ ಯಾರ ಬಳಿ ಹೋಗಿ ಕೇಳಬೇಕು? ಗ್ರಾಹಕರಲ್ಲದವರ ಮಾತಿಗೆ ಕಂಪೆನಿಯಲ್ಲಿ ಬೆಲೆಯೆಷ್ಟು?

ಅಳಿದುಹೋದ ವಿಳಾಸ ಮುಂದೆ ಬೇರೊಬ್ಬರ ಪಾಲಾಗುವ ಅಪಾಯವೂ ಇದೆ. 2013ರಲ್ಲಿ ಯಾಹೂ ಸಂಸ್ಥೆ ಬಹುಕಾಲ ಬಳಸದ ವಿಳಾಸಗಳನ್ನು ಹೊಸಬರಿಗೆ ಕೊಟ್ಟಾಗ, ಹಳಬರ ಖಾಸಗಿ ಪತ್ರಗಳು ಕೆಲವು ಹೊಸಬರ ಕೈಸೇರಿದ್ದವು. ಮೊಬೈಲ್ ಸಂಖ್ಯೆಯೂ ಹಾಗೆಯೇ. ಕೈಬಿಟ್ಟ ಸಂಖ್ಯೆಯನ್ನು 90 ದಿನಗಳ ನಂತರ ಮತ್ತೊಬ್ಬರಿಗೆ ಕೊಡಲು ಅವಕಾಶವಿದೆ. ಆ ಸಂಖ್ಯೆ ನಿಮ್ಮ ಬ್ಯಾಂಕಿನಲ್ಲಿ ಹಾಗೆಯೇ ಉಳಿದಿದ್ದರೆ ಒಟಿಪಿ ಹೋಗುವುದು ಅಪರಿಚಿತರ ಕೈಗೆ.

ಮೊದಲು ಹೊಸದು, ಆಮೇಲೆ ಹಳೆಯದು

ಆದ್ದರಿಂದ ಸಂಪರ್ಕ ಕಡಿಯಲು ಅರ್ಜಿ ಕೊಡುವ ಮೊದಲೇ ಕೆಲಸ ಆರಂಭಿಸಿ. ಕನಿಷ್ಠ ಎರಡು ತಿಂಗಳು ಎರಡೂ ವಿಳಾಸಗಳು ಜೊತೆಜೊತೆಯಾಗಿ ನಡೆಯಲಿ.

ಮೊದಲು, ಯಾವ ಫೋನ್ ಕಂಪೆನಿಗೂ ಸೇರದ ಹೊಸ ವಿಳಾಸವೊಂದನ್ನು ತೆರೆಯಿರಿ. ಹೊಲಿಗೆ, ಅಡುಗೆ, ಟ್ಯೂಷನ್ ಎಂದು ಮನೆಯಿಂದಲೇ ದುಡಿಯುವವರು ವರ್ಷಕ್ಕೆ ಶುಲ್ಕ ಕಟ್ಟಿ ಸ್ವಂತ ಹೆಸರಿನ ಡೊಮೇನ್ ಪಡೆಯಲೂಬಹುದು. ಆಗ ಇಮೇಲ್ ಸೇವೆ ಕೊಡುವವರನ್ನು ಬದಲಾಯಿಸಿದರೂ ವಿಳಾಸ ನಿಮ್ಮದಾಗಿಯೇ ಇರುತ್ತದೆ.

ಎರಡನೆಯದು, ಹಳೆಯ ವಿಳಾಸ ಯಾರ ಯಾರ ಬಳಿ ಇದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ. ಬ್ಯಾಂಕ್, ಆಧಾರ್, ಪಾನ್, ಪಾಸ್‌ಪೋರ್ಟ್, ವಿಮೆ, ಮಕ್ಕಳ ಶಾಲೆ, ಗ್ಯಾಸ್, ವಿದ್ಯುತ್ ಬಿಲ್ಲು, ದೂರದ ನೆಂಟರು. ವಿಮೆಯ ಕಂತಿನಂತಹ ಪತ್ರಗಳು ವರ್ಷಕ್ಕೊಮ್ಮೆ ಮಾತ್ರ ಬರುತ್ತವೆ. ಆದ್ದರಿಂದ ಕಳೆದ ಒಂದು ವರ್ಷದ ಪತ್ರಗಳನ್ನು ಪೂರ್ತಿ ನೋಡಿ. ಬ್ಯಾಂಕಿನಿಂದ ಆರಂಭಿಸಿ, ಒಂದೊಂದನ್ನೇ ಬದಲಾಯಿಸುತ್ತಾ ಪಟ್ಟಿಯಲ್ಲಿ ಗುರುತು ಹಾಕುತ್ತಾ ಬನ್ನಿ. ಬೇರೆ ಖಾತೆಗಳಲ್ಲಿ ಪಾಸ್‌ವರ್ಡ್ ಮರೆತಾಗ ಬಳಸಲೆಂದು ಕೊಟ್ಟ ವಿಳಾಸವನ್ನೂ ಬದಲಾಯಿಸಲು ಮರೆಯಬೇಡಿ.

ಮೂರನೆಯದು, ಹಳೆಯ ಪತ್ರಗಳ ಪ್ರತಿ. ಇಲ್ಲಿಯೇ ಬಹಳ ಮಂದಿ ಮೋಸ ಹೋಗುವುದು. ‘ಪತ್ರಗಳೆಲ್ಲ ನನ್ನ ಮೊಬೈಲಿನಲ್ಲಿ ಕಾಣುತ್ತಿವೆಯಲ್ಲ’ ಎಂದು ನಿಶ್ಚಿಂತರಾಗಬೇಡಿ. ಐಮ್ಯಾಪ್ ಎಂಬ ಕ್ರಮದಲ್ಲಿ ಪತ್ರಗಳು ಇರುವುದು ಕಂಪೆನಿಯ ಕಂಪ್ಯೂಟರಿನಲ್ಲಿ, ನಿಮಗೆ ಕಾಣುವುದು ಕನ್ನಡಿಯೊಳಗಿನ ಬಿಂಬದಂತೆ. ಅಲ್ಲಿ ಅಳಿಸಿದರೆ ಇಲ್ಲಿಯೂ ಹೋಗಬಹುದು. ಪಾಪ್ ಎಂಬ ಹಳೆಯ ಕ್ರಮದಲ್ಲಿ ಪತ್ರಗಳು ಮನೆಯ ಕಂಪ್ಯೂಟರಿಗೇ ಇಳಿಯುತ್ತವೆ, ಆದರೆ ಆ ಕಂಪ್ಯೂಟರ್ ಕೆಟ್ಟರೆ ಎಲ್ಲವೂ ಹೋದಂತೆ. ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ ಮತ್ತು ಹೊಸ ಎರಡೂ ವಿಳಾಸಗಳನ್ನು ಸೇರಿಸಿ, ಹಳೆಯದರ ಪತ್ರಗಳನ್ನು ಹೊಸದಕ್ಕೆ ನಕಲು ಮಾಡಬಹುದು. ಕಂಪ್ಯೂಟರ್ ಬಲ್ಲ ಮಗಳೋ ತಮ್ಮನೋ ಒಂದು ಮಧ್ಯಾಹ್ನ ಕುಳಿತರೆ ಇದು ಕಷ್ಟದ ಕೆಲಸವೇನಲ್ಲ. ಫೋಟೋಗಳನ್ನೂ ಕಾಗದಪತ್ರಗಳನ್ನೂ ಪೆನ್‌ಡ್ರೈವಿನಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ವಿಳಾಸ ಪುಸ್ತಕವನ್ನು ಬೇರೆಯಾಗಿಯೇ ಇಳಿಸಿಕೊಳ್ಳಬೇಕು, ಅದು ಪತ್ರಗಳ ಜೊತೆ ತಾನಾಗಿ ಬರುವುದಿಲ್ಲ.

ನಾಲ್ಕನೆಯದು, ಹಳೆಯ ಪೆಟ್ಟಿಗೆಗೆ ಬರುವ ಪತ್ರಗಳು ಹೊಸದಕ್ಕೆ ತಾವಾಗಿ ಬರುವಂತೆ ಮಾಡುವ ಸೌಲಭ್ಯವಿದ್ದರೆ ಬಳಸಿ. ಆದರೆ ಹಳೆಯ ಪೆಟ್ಟಿಗೆ ಜೀವಂತವಿರುವವರೆಗೆ ಮಾತ್ರ ಅದು ನಡೆಯುತ್ತದೆ. ಹಾಗೆ ಬಂದ ಒಂದೊಂದು ಪತ್ರವೂ ‘ಇವರಿಗೆ ಇನ್ನೂ ತಿಳಿಸಿಲ್ಲ’ ಎಂದು ನಿಮಗೆ ನೆನಪಿಸುತ್ತದೆ.

ಕಡಿಯುವ ದಿನ

ಎಲ್ಲವೂ ಮುಗಿದ ಮೇಲೆ ಅರ್ಜಿ ಕೊಡಿ, ರೂಟರ್ ಹಿಂತಿರುಗಿಸಿ, ರಸೀದಿ ಪಡೆಯಿರಿ. ಕೊನೆಯ ಬಿಲ್ಲು ಮತ್ತು ಠೇವಣಿ ವಾಪಸಾತಿಯ ಪತ್ರ ಹಳೆಯ ವಿಳಾಸಕ್ಕೇ ಹೋಗುವುದುಂಟು. ಆದ್ದರಿಂದ ಹೊಸ ವಿಳಾಸವನ್ನು ಅರ್ಜಿಯಲ್ಲೇ ಬರೆಯಿರಿ. ಮನೆಯ ಸ್ಥಿರ ದೂರವಾಣಿಯ ಸಂಖ್ಯೆ ನಮ್ಮ ದೇಶದಲ್ಲಿ ಕಂಪೆನಿಯಿಂದ ಕಂಪೆನಿಗೆ ಬರುವುದಿಲ್ಲ ಎಂಬುದೂ ನೆನಪಿರಲಿ. ನೆಂಟರಿಗೆ ಮೊದಲೇ ತಿಳಿಸಿಬಿಡಿ.

ಇಂತಹ ಸಮಯದಲ್ಲಿ ‘ನಿಮ್ಮ ಇಮೇಲ್ ವರ್ಗಾಯಿಸುತ್ತೇವೆ, ಪಾಸ್‌ವರ್ಡ್ ಹೇಳಿ, ಒಟಿಪಿ ಹೇಳಿ’ ಎಂದು ಯಾರಾದರೂ ಕರೆ ಮಾಡಿದರೆ ಹೇಳಲೇಬೇಡಿ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ.

ಹೊಸ ವಿಳಾಸವನ್ನೂ ತೆರೆದು ಮರೆಯಬೇಡಿ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು.

ಕೊನೆಯದಾಗಿ ಸಹೋದರಿಯರೇ, ಈ ಕೆಲಸವನ್ನೆಲ್ಲ ಮನೆಯ ಗಂಡಸರ ಪಾಲಿಗೆ ಬಿಟ್ಟು ಸುಮ್ಮನಿರಬೇಡಿ. ಮನೆಯ ವಿಮೆ, ಬ್ಯಾಂಕ್, ಮಕ್ಕಳ ಶಾಲೆ ಯಾವ ವಿಳಾಸದಲ್ಲಿವೆ, ಅದನ್ನು ತೆರೆಯುವುದು ಹೇಗೆ ಎಂದು ನಿಮಗೂ ಗೊತ್ತಿರಲಿ. ನಿಮ್ಮದೇ ಹೆಸರಿನಲ್ಲಿ ಒಂದು ವಿಳಾಸವೂ ಇರಲಿ. ಮನೆಗೆ ಕಷ್ಟ ಬಂದ ದಿನ ಆ ಕಾಗದಪತ್ರಗಳನ್ನು ಹುಡುಕಬೇಕಾದವರು ನೀವೇ ಆಗಿರಬಹುದು. ಈ ವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಆ ಪಟ್ಟಿಯನ್ನು ಬರೆಯಲು ಕುಳಿತುಕೊಳ್ಳಿ.